ಒಂಬತ್ತನೇ ತರಗತಿಯ ಗಣಿತಕ್ಕೆ ಟ್ಯೂಷನ್ ಹಾಕಿದ್ದೇವೆ, ಅಂಕ ಏರುತ್ತಿಲ್ಲ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ತಿಪಟೂರು): ಮಗ ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮ ಸೇರಿದ. ಈ 2025-26ರಲ್ಲಿ ಒಂಬತ್ತನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ಮನೆಗೆ ಬಂದು ಹೇಳಿಕೊಡುವ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿದ್ದೇವೆ. ಶಾಲೆಯಲ್ಲಿ ಆದ ಪಾಠವನ್ನೇ ಮತ್ತೊಮ್ಮೆ ಮಾಡಿಸುತ್ತಾರೆ, ಹೋಂವರ್ಕ್ ಮುಗಿಯುತ್ತದೆ, ಆದರೆ ಕಿರುಪರೀಕ್ಷೆಯ ಅಂಕ ಇದ್ದಲ್ಲಿಯೇ ಇದೆ. ನಮಗಿಬ್ಬರಿಗೂ ಗಣಿತ ಬಾರದು. ಮೇಷ್ಟ್ರನ್ನು ಏನೆಂದು ಕೇಳಬೇಕು?

ದಾವಣಗೆರೆಯಿಂದ ಒಬ್ಬ ತಾಯಿ: ನನ್ನ ಮಗಳೂ ಇದೇ ಸ್ಥಿತಿಯಲ್ಲಿದ್ದಳು. ಅವಳಿಗೆ ಸಿಕ್ಕ ಟೀಚರ್ ಮೊದಲ ವಾರ ಒಂಬತ್ತನೇ ತರಗತಿಯ ಪುಸ್ತಕವನ್ನು ತೆರೆಯಲೇ ಇಲ್ಲ. ನಾಲ್ಕರಿಂದ ಏಳನೇ ತರಗತಿಯವರೆಗಿನ ಲೆಕ್ಕಗಳನ್ನು ಬಿಡಿ ಹಾಳೆಗಳಲ್ಲಿ ಬರೆದುಕೊಟ್ಟು, ಅವಳು ಮಾಡುವುದನ್ನು ಸುಮ್ಮನೆ ನೋಡುತ್ತಾ ಕುಳಿತರು. ತಿದ್ದಲಿಲ್ಲ. ‘ಇದನ್ನು ಹೇಗೆ ಮಾಡಿದೆ, ಹೇಳು’ ಎಂದಷ್ಟೇ ಕೇಳುತ್ತಿದ್ದರು.

ಎರಡು ಕಡೆ ಗಂಟು ಸಿಕ್ಕಿತು. 2/3ಕ್ಕೆ 1/4 ಕೂಡಿಸು ಎಂದರೆ 3/7 ಎಂದು ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಇನ್ನೊಂದು, -3 - 5 ಎಷ್ಟು ಎಂದರೆ -8ರ ಬದಲು 8. ಏಕೆಂದರೆ ‘ಮೈನಸ್ಸಿಗೆ ಮೈನಸ್ ಸೇರಿದರೆ ಪ್ಲಸ್’ ಎಂದು ಬಾಯಿಪಾಠವಾಗಿತ್ತು. ಆ ನಿಯಮ ಗುಣಾಕಾರ, ಭಾಗಾಕಾರಕ್ಕೆ ಸೇರಿದ್ದು. ಅವಳು ಅದನ್ನು ಕಂಡಕಂಡಲ್ಲಿ ಬಳಸುತ್ತಿದ್ದಳು. ಒಂಬತ್ತನೆಯ ಬೀಜಗಣಿತದಲ್ಲಿ ಬರುವ ಬಹುಪದೋಕ್ತಿಯ (ಪಾಲಿನಾಮಿಯಲ್) ಲೆಕ್ಕದಲ್ಲಿ ವಿಧಾನವೆಲ್ಲ ಸರಿಯಿದ್ದೂ ಯಾವುದೋ ಒಂದು ಸಾಲಿನಲ್ಲಿ ಚಿಹ್ನೆ ತಪ್ಪಿ ಉತ್ತರ ಹಾಳಾಗುತ್ತಿತ್ತು. ಅಂಥ ಮಗುವಿಗೆ ಬಹುಪದೋಕ್ತಿಯನ್ನು ಹತ್ತು ಸಲ ಮಾಡಿಸಿದರೂ ಹತ್ತು ಸಲವೂ ಅದೇ ತಪ್ಪಾಗುತ್ತದೆ.

ಟೀಚರ್ ಒಂದು ಹಾಳೆಯನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ನಾಲ್ಕು ಭಾಗವಾಗಿ ಮಡಚಿಸಿದರು. ಹನ್ನೆರಡು ಮನೆಗಳಾದವು. ಮೂರರಲ್ಲಿ ಎರಡು ಭಾಗವೆಂದರೆ ಎಂಟು ಮನೆ, ನಾಲ್ಕರಲ್ಲಿ ಒಂದು ಭಾಗವೆಂದರೆ ಮೂರು ಮನೆ, ಕೂಡಿದರೆ 11/12. ಛೇದವನ್ನು, ಅಂದರೆ ಕೆಳಗಿನ ಸಂಖ್ಯೆಯನ್ನು, ಏಕೆ ಸಮ ಮಾಡಬೇಕೆಂದು ಅವಳು ತಾನೇ ಹೇಳಿದಳು. ಋಣ ಸಂಖ್ಯೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು ನಡೆಸಿದರು.

ಆದರೆ ಹಳೆಯದನ್ನು ಮಾತ್ರ ಹಿಡಿದುಕೊಂಡು ಕೂರಬಾರದು. ಮರುದಿನ ತರಗತಿಯಲ್ಲಿ ಎದ್ದು ನಿಲ್ಲಿಸಿದಾಗ ಉತ್ತರ ಬಾರದಿದ್ದರೆ ಮಗು ಟ್ಯೂಷನ್ ಮೇಲೂ ನಂಬಿಕೆ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಒಂದು ಗಂಟೆಯ ಮೊದಲರ್ಧ ಹಳೆಯ ಲೆಕ್ಕಕ್ಕೆ, ಉಳಿದರ್ಧ ಆ ವಾರದ ಶಾಲಾ ಪಾಠಕ್ಕೆ ಎಂದು ಗೊತ್ತಾಗಿತ್ತು. ಅಂಕ ಬೇಗ ಏರಲಿಲ್ಲ. ಮೊದಲು ಬದಲಾದದ್ದು ಉತ್ತರ ಪತ್ರಿಕೆಯಲ್ಲಿ ಖಾಲಿ ಬಿಟ್ಟ ಜಾಗ; ಅದು ಕಡಿಮೆಯಾಗುತ್ತಾ ಬಂತು. ನೀವು ಅದನ್ನು ಗಮನಿಸಿ.

ಮೈಸೂರಿನಲ್ಲಿ ಟ್ಯೂಷನ್ ಹೇಳಿಕೊಡುವವರು: ಇದನ್ನು ಹೇಳಿಕೊಡುವವರ ಕಡೆಯಿಂದ ನೋಡಿ. ಒಂಬತ್ತನೆಯ ಹುಡುಗನಿಗೆ ಐದನೆಯ ಲೆಕ್ಕ ಮಾಡಿಸಿದರೆ ‘ಫೀಸು ತೆಗೆದುಕೊಂಡು ಇದೇನು’ ಎಂದು ಮನೆಯವರು ಕೇಳಿಯಾರು ಎಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಹೀಗಾಗಿ ಪೋರ್ಷನ್ ಹಿಂದೆಯೇ ಓಡುತ್ತೇವೆ. ಹಿಂದಕ್ಕೆ ಹೋಗಬಹುದು, ಎಷ್ಟು ಹಿಂದಕ್ಕೆ ಬೇಕಾದರೂ ಹೋಗಿ ಎಂದು ನೀವಾಗಿಯೇ ಬಾಯಿಬಿಟ್ಟು ಹೇಳಿ. ಅರ್ಧವಾರ್ಷಿಕದ ಉತ್ತರ ಪತ್ರಿಕೆ ಸಿಕ್ಕರೆ ಅವರ ಕೈಗೆ ಕೊಡಿ. ಅಂಕಪಟ್ಟಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಗಣಿತ ಬಾರದವರೂ ಒಂದು ವಿಷಯವನ್ನು ನೋಡಬಹುದು: ಪೆನ್ನು ಯಾರ ಕೈಯಲ್ಲಿದೆ? ಟ್ಯೂಷನ್ ನೋಟ್‌ಬುಕ್ ಒಂದೂ ಕಾಟಿಲ್ಲದೆ ಅಂದವಾಗಿದ್ದರೆ ಹುಡುಗ ನೋಡಿ ಬರೆಯುತ್ತಿರಬಹುದು. ಸೋಮವಾರ ಮಾಡಿಸಿದ ಲೆಕ್ಕವನ್ನೇ ಗುರುವಾರ ಯಾರ ಸಹಾಯವೂ ಇಲ್ಲದೆ ಮಾಡಿಸಿ ನೋಡಲು ಹೇಳಿ. ತಿಂಗಳಿಗೊಮ್ಮೆ ‘ಹೇಗೆ ಓದುತ್ತಿದ್ದಾನೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಬರುವುದು. ‘ಹೋದ ತಿಂಗಳು ಬಾರದಿದ್ದ ಯಾವ ಲೆಕ್ಕವನ್ನು ಈಗ ಒಬ್ಬನೇ ಮಾಡುತ್ತಾನೆ?’ ಎಂದು ಕೇಳಿ. ಜೊತೆಗೊಂದು ವಿನಂತಿ: ನಮ್ಮ ಮುಂದೆ ಮಗುವನ್ನು ಬೈಯಬೇಡಿ. ಆಮೇಲೆ ಅದು ತಪ್ಪು ಮಾಡಲು ಹೆದರುತ್ತದೆ, ತಪ್ಪು ಕಾಣದಿದ್ದರೆ ನಾವು ಕಲಿಸುವುದಾದರೂ ಏನನ್ನು?

ಸಿರಸಿಯಿಂದ ನಿವೃತ್ತ ಶಿಕ್ಷಕರು: ಒಂದು ಲೆಕ್ಕ ಹಾಕಿ ನೋಡಿ, ತಾಯಿ. ನಿಮ್ಮ ಹುಡುಗ ನಾಲ್ಕನೇ ತರಗತಿಯಲ್ಲಿದ್ದುದು 2020-21ರಲ್ಲಿ. ಕೊರೊನಾದಿಂದ ಮುಚ್ಚಿದ್ದ ಒಂದರಿಂದ ಐದರವರೆಗಿನ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಭಿನ್ನರಾಶಿಯೂ ಉದ್ದ ಭಾಗಾಕಾರವೂ ಗಟ್ಟಿಯಾಗಬೇಕಾದ ಕಾಲದಲ್ಲಿ ಅವನು ಮನೆಯಲ್ಲಿದ್ದ. ಹೀಗೆ ತಪ್ಪಿದ ಕಲಿಕೆಯನ್ನು ತುಂಬಿಕೊಡಲು 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆಸಿತು. ಎಲ್ಲ ಮಕ್ಕಳಿಗೂ ಅದರಿಂದ ಪೂರ್ತಿ ತುಂಬಿಬಂದಿರಲಾರದು. ಹುಡುಗ ದಡ್ಡನೆಂದು ಯಾರೂ ತಿಳಿಯಬೇಡಿ.

ನಾಲ್ಕು, ಐದನೆಯ ಗಣಿತ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದ ಪ್ರತಿಯನ್ನೇ ತೆಗೆದುಕೊಳ್ಳಿ. ಅರ್ಥ ಕನ್ನಡದಲ್ಲಿ ಆಗಲಿ. ಛೇದಕ್ಕೆ ಡಿನಾಮಿನೇಟರ್, ಅಪವರ್ತನಕ್ಕೆ ಫ್ಯಾಕ್ಟರ್ ಎಂಬ ಪಟ್ಟಿಯನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅವನೇ ಬರೆದುಕೊಳ್ಳುತ್ತಾ ಹೋಗಲಿ. ಶಾಲೆಯ ಗಣಿತ ಶಿಕ್ಷಕರನ್ನೂ ಒಮ್ಮೆ ಭೇಟಿಯಾಗಿ. ಅವರನ್ನೇ ಟ್ಯೂಷನ್‌ಗೆ ಕರೆಯಬೇಡಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಮುಂದಿನ ತಿಂಗಳ ಪಾಠ ಯಾವುದೆಂದು ಕೇಳಿ ಮನೆಯ ಮೇಷ್ಟ್ರಿಗೆ ತಿಳಿಸಿ. ಆ ಪಾಠಕ್ಕೆ ಬೇಕಾದ ಹಳೆಯ ಲೆಕ್ಕವನ್ನು ಅವರು ಮುಂಚಿತವಾಗಿ ಸಿದ್ಧಮಾಡಿಕೊಳ್ಳಬಹುದು.

ಬೆಂಗಳೂರಿನಿಂದ ಒಬ್ಬ ತಂದೆ: ಹೀಗೆ ಕೆಲವು ತಿಂಗಳು ಶ್ರಮಪಟ್ಟ ಮೇಲೂ ಅಂಕಿಗಳು ಅದಲುಬದಲಾಗುತ್ತಿದ್ದರೆ, ಮಗ್ಗಿ ಇಂದು ಬಂದು ನಾಳೆ ಮರೆಯುತ್ತಿದ್ದರೆ, ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಈ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂತಹ ಅನುಕೂಲ ಕೇಳಬಹುದು. ಹತ್ತನೆಯವರೆಗೆ ಕಾಯಬೇಡಿ.

ಹುಬ್ಬಳ್ಳಿಯಿಂದ, ಈಗ ಡಿಪ್ಲೊಮಾ ಓದುತ್ತಿರುವವನು: ಅಕ್ಕಾ, ನಾನು ನಿಮ್ಮ ಮಗನ ಜಾಗದಲ್ಲಿ ಇದ್ದವನು. ಐದನೆಯ ಪುಸ್ತಕ ಎದುರಿಗಿಟ್ಟಾಗ ಆಗುವ ಅವಮಾನ ದೊಡ್ಡದು. ನಮ್ಮ ಸರ್ ಲೆಕ್ಕಗಳನ್ನು ಬಿಳಿ ಹಾಳೆಗೆ ಇಳಿಸಿ ಕೊಡುತ್ತಿದ್ದರು, ಯಾವ ತರಗತಿಯವೆಂದು ಎಲ್ಲಿಯೂ ಬರೆಯುತ್ತಿರಲಿಲ್ಲ. ನಿಮ್ಮ ಮೇಷ್ಟ್ರಿಗೂ ಹಾಗೆಯೇ ಮಾಡಲು ಹೇಳಿ. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಆ ಒಂದು ಗಂಟೆ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ.