ಸದಸ್ಯರು ನೆಂಟರೇ ಆಗಿರುವಾಗ ವಾರ್ಡಿನ ಗಟಾರದ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ – ಘಟ್ಟದ ಮೇಲಿನ ನಿವಾಸಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಊರೊಂದರಲ್ಲಿ ನಮ್ಮ ಮನೆ ಇದೆ. ಊರಿನ ಹೆಸರು ಬರೆದರೆ ಬರೆದವರು ಯಾರೆಂಬುದು ಸಂಜೆಯೊಳಗೆ ಪೇಟೆಗೆಲ್ಲ ತಿಳಿಯುವುದರಿಂದ ಅದನ್ನು ಬರೆಯುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಕೇರಿಗೆ ಹೊಸ ಗಟಾರ ಕಟ್ಟಿಸಲಾಯಿತು. ಕಟ್ಟಿಸಲಾಯಿತು ಎನ್ನುವುದಕ್ಕಿಂತ, ಹಳೆಯ ಚಿರೇಕಲ್ಲಿನ ಗೋಡೆಗೇ ಸಿಮೆಂಟು ಮೆತ್ತಿ ಮೇಲೆ ಒಂದಿಷ್ಟು ಚಪ್ಪಡಿ ಹಾಸಿ ಹೋದರು ಎನ್ನುವುದು ಸರಿ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೇ ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬಂದು ಒಳಗಿನ ಕೆಂಪುಕಲ್ಲು ಕಾಣಿಸತೊಡಗಿತು. ತಿರುವಿನ ಬಳಿ ಇಳಿಜಾರು ಹಿಮ್ಮುಖವಾಗಿರುವುದರಿಂದ ನೀರು ಮುಂದೆ ಹೋಗದೆ ನಿಂತು, ಮಳೆ ಜೋರಾದಾಗ ಅಕ್ಕಪಕ್ಕದ ಮನೆಗಳ ಅಂಗಳಕ್ಕೆ ನುಗ್ಗುತ್ತದೆ.

ನನ್ನ ತೊಡಕು ಇರುವುದು ಬೇರೆ ಕಡೆ. ವಾರ್ಡಿನ ಸದಸ್ಯರು ನಮಗೆ ದೂರದ ನೆಂಟರು. ತಂದೆಯವರಿಗೆ ಆರೋಗ್ಯ ಕೆಟ್ಟಾಗ ನಡುರಾತ್ರಿ ವಾಹನ ಮಾಡಿಕೊಟ್ಟವರು ಅವರೇ. ಗುತ್ತಿಗೆದಾರರ ಮನೆಯವರೂ ನಮ್ಮ ಮನೆಯವರೂ ಒಂದೇ ಸ್ವಸಹಾಯ ಸಂಘದಲ್ಲಿದ್ದಾರೆ. ಬಾಯಿಮಾತಿನಲ್ಲಿ ಹೇಳಿದಾಗ ‘ಮಳೆಗಾಲ ಮುಗಿಯಲಿ, ನೋಡೋಣ’ ಎಂಬ ಉತ್ತರ ಬಂದಿತು. ಲಿಖಿತ ದೂರು ಕೊಟ್ಟರೆ ನಿಷ್ಠುರ ಕಟ್ಟಿಕೊಂಡಂತಾಗುತ್ತದೆ, ಮುಂದಿನ ಮದುವೆ ಮನೆಯಲ್ಲಿ ಅದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಬೇಕು. ಹಾಗೆಂದು ಏಪ್ರಿಲ್ ತಿಂಗಳಲ್ಲೇ ಶೇ 5ರ ರಿಯಾಯಿತಿಯೊಂದಿಗೆ ಆಸ್ತಿ ತೆರಿಗೆ ಕಟ್ಟುವ ನಾವು ಸುಮ್ಮನಿರುವುದೂ ಸರಿಯಲ್ಲ. ಯಾರನ್ನೂ ಕಳ್ಳರೆಂದು ಕರೆಯದೆ, ಈ ಕಾಮಗಾರಿಗೆ ಎಷ್ಟು ಖರ್ಚಾಗಿದೆ ಮತ್ತು ಅದನ್ನು ಸರಿಪಡಿಸುವ ಹೊಣೆ ಯಾರದು ಎಂಬುದನ್ನು ತಿಳಿಯುವ ಮಾರ್ಗವನ್ನು ಬಲ್ಲವರು ತಿಳಿಸಬೇಕು.

ಉತ್ತರ 1 – ನಿವೃತ್ತ ಇಂಜಿನಿಯರ್, ಕುಮಟಾ

ನೀವು ಸದಸ್ಯರನ್ನು ಕೇಳಬೇಕಾದ ಅಗತ್ಯವೇ ಇಲ್ಲ. ಕಾಮಗಾರಿಗೆ ಹಣ ಪಾವತಿಯಾಗುವುದು ಸದಸ್ಯರ ಮಾತಿನ ಮೇಲಲ್ಲ, ಇಂಜಿನಿಯರ್ ಬರೆದ ಅಳತೆ ಪುಸ್ತಕದ ಮೇಲೆ. ಕಚೇರಿಯಲ್ಲಿ ಎಲ್ಲರೂ ‘ಎಂ.ಬಿ.’ ಎನ್ನುವ ಈ ಪುಸ್ತಕದ ಪುಟಗಳಿಗೆ ಸಂಖ್ಯೆ ಹಾಕಿರುತ್ತಾರೆ. ಗಟಾರದ ಉದ್ದ, ಅಗಲ, ಆಳ, ಬಳಸಿದ ಕಾಂಕ್ರೀಟಿನ ಪ್ರಮಾಣ, ಅಳತೆ ಮಾಡಿದ ದಿನಾಂಕ ಮತ್ತು ಸಹಿ ಅದರಲ್ಲಿ ಇರಬೇಕು. ಹಳೆಯ ಗೋಡೆಗೆ ಸಿಮೆಂಟು ಮೆತ್ತಿ, ಪುಸ್ತಕದಲ್ಲಿ ಹೊಸ ಕಾಂಕ್ರೀಟ್ ಗೋಡೆಯೆಂದು ಬರೆದಿದ್ದರೆ ಅದು ಯಾರಾದರೂ ಟೇಪು ಹಿಡಿದು ನಿಂತೊಡನೆ ಗೊತ್ತಾಗುತ್ತದೆ. ಅಂದಾಜು ಪತ್ರಿಕೆಯಲ್ಲಿಯೇ ‘ಹಳೆಯ ಗಟಾರದ ದುರಸ್ತಿ’ ಎಂದಿದ್ದರೆ ಗುತ್ತಿಗೆದಾರರು ಹೇಳಿದಷ್ಟನ್ನೇ ಮಾಡಿದ್ದಾರೆ, ತಪ್ಪು ಯೋಜನೆ ರೂಪಿಸಿದವರದು. ಆದ್ದರಿಂದ ಕಡತ ನೋಡುವ ಮೊದಲು ಯಾರ ಮೇಲೂ ಸಿಟ್ಟಾಗುವುದು ಬೇಡ.

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅಂದಾಜು ಪತ್ರಿಕೆ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಅಂತಿಮ ಬಿಲ್ಲಿನ ಪ್ರತಿ, ಈ ನಾಲ್ಕನ್ನು ಮಾತ್ರ ಕೇಳಿರಿ. ‘ಕಳಪೆ ಕಾಮಗಾರಿ ಏಕೆ ನಡೆಯಿತು’ ಎಂಬಂಥ ಪ್ರಶ್ನೆ ಅರ್ಜಿಯಲ್ಲಿ ಬೇಡ. ಅದು ದಾಖಲೆಯಲ್ಲ, ಅದಕ್ಕೆ ಉತ್ತರವೂ ಬರುವುದಿಲ್ಲ, ನೆಂಟಸ್ತನವೂ ಕೆಡುತ್ತದೆ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೇ ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಾಗರಿಕರಿಗಿದೆ. ನಮ್ಮ ಜನ ಪ್ರತಿ ಪಡೆಯುವುದರಲ್ಲೇ ನಿಲ್ಲುತ್ತಾರೆ, ಈ ಹಕ್ಕನ್ನು ಬಳಸುವವರು ಬಹಳ ಕಡಿಮೆ. ಇಂಜಿನಿಯರ್ ಪಕ್ಕದಲ್ಲಿ ನಿಂತು ಅಳತೆ ಪುಸ್ತಕದ ಅಂಕಿಗಳನ್ನು ಓದುತ್ತಾ ಗಟಾರದ ಉದ್ದಕ್ಕೂ ನಡೆದು ಬಂದರೆ ಅರ್ಧ ವಿವಾದ ಅಲ್ಲಿಯೇ ಇತ್ಯರ್ಥವಾಗುತ್ತದೆ.

ಕರಾರು ಪತ್ರದಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಬರೆದಿರುತ್ತದೆ. ಆ ಅವಧಿಯಲ್ಲಿ ಕಂಡ ದೋಷವನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು, ಅದಕ್ಕಾಗಿಯೇ ಭದ್ರತಾ ಠೇವಣಿಯನ್ನು ಹಿಡಿದಿಟ್ಟುಕೊಂಡಿರುತ್ತಾರೆ. ಪ್ಲಾಸ್ಟರ್ ಎದ್ದ ದಿನಾಂಕವನ್ನು ತೋರಿಸುವ ಛಾಯಾಚಿತ್ರದೊಂದಿಗೆ ಪೌರಾಯುಕ್ತರಿಗೆ (ಪುರಸಭೆ ಅಥವಾ ಪಟ್ಟಣ ಪಂಚಾಯತಿಯಾದರೆ ಮುಖ್ಯಾಧಿಕಾರಿಗೆ) ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿರಿ. ಈ ಪತ್ರ ಅವಧಿಯೊಳಗೆ ದಾಖಲಾಗದಿದ್ದರೆ ಠೇವಣಿ ಸದ್ದಿಲ್ಲದೆ ಮರಳಿಹೋಗುತ್ತದೆ. ‘ಮಳೆಗಾಲ ಮುಗಿಯಲಿ’ ಎಂಬ ಮಾತಿಗೆ ಒಪ್ಪಿ ಕುಳಿತವರು ಕಳೆದುಕೊಳ್ಳುವುದು ಈ ಅವಧಿಯನ್ನೇ.

ಇನ್ನೊಂದು ವಿಷಯ. ಕಾಮಗಾರಿ ನಗರ ಸಂಸ್ಥೆಯದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. ಕುಮಟಾ–ಶಿರಸಿ–ಹಾವೇರಿ ಮಾರ್ಗ ರಾಷ್ಟ್ರೀಯ ಹೆದ್ದಾರಿ 766ಇ ಆದುದರಿಂದ ಅದರ ಪಕ್ಕದ ಚರಂಡಿಗೆ ಹೆದ್ದಾರಿಯವರನ್ನು ಕೇಳಬೇಕಾಗುತ್ತದೆ. ಒಳಚರಂಡಿ ಕೊಳವೆಯಾದರೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇರಬಹುದು. ತಪ್ಪು ಕಚೇರಿಗೆ ಅರ್ಜಿ ಹೋದರೆ ಕಲಂ 6(3)ರಂತೆ ಅವರು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು, ‘ನಮ್ಮದಲ್ಲ’ ಎಂದು ಹಿಂದಿರುಗಿಸುವಂತಿಲ್ಲ.

ಉತ್ತರ 2 – ಕೋಡಿಬಾಗದ ಓದುಗ, ಕಾರವಾರ

ಮೇಲಿನ ಉತ್ತರ ಉಪಯುಕ್ತವಾಗಿದೆ, ಆದರೆ ಸದಸ್ಯರನ್ನು ಕೇಳುವ ಅಗತ್ಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆ ಪುಸ್ತಕ ಆಗಿಹೋದ ಖರ್ಚನ್ನು ತೋರಿಸುತ್ತದೆ. ಯಾವ ಕೇರಿಗೆ ಗಟಾರ, ಯಾವ ಕೇರಿಗೆ ಬೀದಿದೀಪ ಎಂಬುದು ತೀರ್ಮಾನವಾಗುವುದು ಸಭೆಯಲ್ಲಿ. ಅಲ್ಲಿ ಕೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. ತಲಾ 31 ವಾರ್ಡುಗಳ ಕಾರವಾರ ಮತ್ತು ಶಿರಸಿ ನಗರಸಭೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆದು ಸೆಪ್ಟೆಂಬರ್ 3ರಂದು ಫಲಿತಾಂಶ ಬಂದರೂ, ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವ್ಯಾಜ್ಯದಿಂದಾಗಿ ರಾಜ್ಯದ ಇತರ ಅನೇಕ ಸಂಸ್ಥೆಗಳಂತೆ ಇಲ್ಲಿಯೂ 2020ರ ಕೊನೆಯ ಭಾಗದವರೆಗೆ ಅಧ್ಯಕ್ಷರಿರಲಿಲ್ಲ. ಗೆದ್ದವರು ಮನೆಯಲ್ಲಿದ್ದರು, ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. ಅಧ್ಯಕ್ಷ–ಉಪಾಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದ ಬಳಿಕ ಎರಡನೆಯ ಅವಧಿಯ ಮೀಸಲಾತಿಗೆ ಮತ್ತೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಚುನಾವಣೆ ನಡೆಸಿಯೂ ಅಧಿಕಾರ ಕೊಡದೆ ಇಡಬಹುದೆಂಬುದನ್ನು ಅದನ್ನು ಬರೆದವರು ಊಹಿಸಿರಲಿಕ್ಕಿಲ್ಲ.

ಆ ದಿನಗಳಲ್ಲಿ ನಮ್ಮ ವಾರ್ಡಿನವರು ನಲ್ಲಿ ನೀರಿಗಾಗಿ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ, ಅಧಿಕಾರವಿಲ್ಲದ ಸದಸ್ಯರ ಬಾಗಿಲನ್ನೇ ತಟ್ಟುತ್ತಿದ್ದರು. ಆದ್ದರಿಂದ ನಿಮ್ಮ ನೆಂಟರಾದ ಸದಸ್ಯರನ್ನು ಎದುರಾಳಿಯೆಂದು ತಿಳಿಯಬೇಡಿರಿ. ಅರ್ಜಿ ಸಲ್ಲಿಸುವ ಮೊದಲು ಮನೆಗೆ ಹೋಗಿ, ‘ಗಟಾರದ ಕಾಗದಪತ್ರ ಕೇಳುತ್ತಿದ್ದೇವೆ, ನೀವೇ ಸಭೆಯಲ್ಲಿ ವಿಷಯ ಎತ್ತಿದರೆ ಒಳ್ಳೆಯದು’ ಎಂದು ತಿಳಿಸಿರಿ. ಬೆನ್ನ ಹಿಂದೆ ಕೇಳಿದರೆಂಬ ಮಾತು ಬರುವುದಿಲ್ಲ, ಸಭೆಯಲ್ಲಿ ಎತ್ತಿದ ಹೆಸರು ಅವರಿಗೂ ಸಿಗುತ್ತದೆ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಸಭೆ ಕಾನೂನಿಗೆ ವಿರುದ್ಧವಾದ ನಿರ್ಣಯವನ್ನೇ ಕೈಗೊಂಡಿದ್ದರೆ, ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಕಲಂ 306ರಂತೆ ಅದರ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಗಟಾರದ ಪ್ಲಾಸ್ಟರಿಗೆ ಅಷ್ಟು ದೂರ ಹೋಗುವುದು ಬೇಡ.

ಉತ್ತರ 3 – ಮರಾಠಿಕೊಪ್ಪ, ಶಿರಸಿ

ಎರಡು ಮಾತು ಸೇರಿಸುತ್ತೇನೆ. ಗಟಾರ ಕಟ್ಟಿಕೊಳ್ಳುವುದರಲ್ಲಿ ಕೇರಿಯವರ ಪಾಲೂ ಇರುತ್ತದೆ. ಅಡಿಕೆ ಸಿಪ್ಪೆ, ಎಳನೀರು ಬುರುಡೆ ಎಲ್ಲವೂ ಗಟಾರಕ್ಕೇ ಬೀಳುತ್ತವೆ. ಮನೆ ಮುಂದೆ ವಾಹನ ಹತ್ತಿಸಲು ಕಾಂಕ್ರೀಟ್ ಸುರಿದವರ ಮನೆಯೆದುರು ಹೂಳೆತ್ತುವ ಪೌರಕಾರ್ಮಿಕರ ಸಲಿಕೆ ಒಳಗೆ ಹೋಗುವುದೇ ಇಲ್ಲ. ನಿಮ್ಮ ತಿರುವಿನಲ್ಲಿ ಅಂಥದ್ದೇನಿದೆ ಎಂದು ಮೊದಲು ನೋಡಿಕೊಳ್ಳಿರಿ, ಇಲ್ಲವಾದರೆ ಪರಿಶೀಲನೆಯ ದಿನ ಗುತ್ತಿಗೆದಾರರು ತೋರಿಸುವುದು ಅದನ್ನೇ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮೊದಲು ನಮ್ಮಲ್ಲಿ ನೀರು, ಕಸ, ವಿದ್ಯುತ್ತು, ರಸ್ತೆ ಎಲ್ಲ ಇಲಾಖೆಯವರೂ ಪೂರ್ವಭಾವಿ ಸಭೆಯಲ್ಲಿ ಒಟ್ಟಿಗೆ ಕೂರುತ್ತಾರೆ, ಯಾವ ಕೆಲಸ ಯಾರದು ಎಂಬುದು ಎಲ್ಲರೆದುರು ಹೇಳಲ್ಪಡುತ್ತದೆ. ಮಳೆಗಾಲಕ್ಕೆ ಮೊದಲೂ ಹಾಗೆ ಕೂರಬಾರದೇಕೆ ಎಂದು ನಿಮ್ಮ ಊರಿನಲ್ಲಿಯೂ ಕೇಳಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸದಸ್ಯರ ಮನೆಗೆ ಹೋಗಿ ತಿಳಿಸುವ ಸಲಹೆ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ. ತಿರುವಿನಲ್ಲಿ ಒಂದು ಕಾಂಕ್ರೀಟ್ ಇಳಿಜಾರು ಇರುವುದೂ ನಿಜ, ಅದು ನಮ್ಮ ಎದುರುಮನೆಯವರದು. ಅವರೊಡನೆ ಮಾತನಾಡುವ ಹೊಣೆಯನ್ನು ಅಮ್ಮ ವಹಿಸಿಕೊಂಡಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಒಬ್ಬರ ಮೇಲೆ ಭಾರ ಬೀಳದಂತೆ ಕೇರಿಯ ಯುವಕ ಸಂಘದ ಹೆಸರಿನಲ್ಲಿ ಹಾಕಬಹುದೇ?

ಉತ್ತರ – ನಿವೃತ್ತ ಇಂಜಿನಿಯರ್, ಕುಮಟಾ

ಸಂಘದ ಹೆಸರು ಬೇಡ. ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಸಂಘದ ಹೆಸರಿನಲ್ಲಿದ್ದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುವವರಿದ್ದಾರೆ. ಭಾರ ಹಂಚಿಕೊಳ್ಳಬೇಕೆಂದಿದ್ದರೆ ಇಬ್ಬರು ಮೂವರು ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆ ಅರ್ಜಿ ಹಾಕಲಿ: ಒಬ್ಬರು ಅಂದಾಜು ಪತ್ರಿಕೆ ಮತ್ತು ಕಾರ್ಯಾದೇಶ, ಇನ್ನೊಬ್ಬರು ಅಳತೆ ಪುಸ್ತಕ ಮತ್ತು ಬಿಲ್ಲು, ಮತ್ತೊಬ್ಬರು ಪರಿಶೀಲನೆಗೆ ಅವಕಾಶ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದಲೂ ಇದೇ ಅನುಕೂಲ. ಪ್ರತಿ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅದರ ಸಂಖ್ಯೆಯನ್ನು ಅರ್ಜಿಯ ಮೇಲೆಯೇ ಬರೆದು, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ.