ಲಿವರ್‌ನಲ್ಲಿ 2.8 ಸೆಂ.ಮೀ. ಗಡ್ಡೆ: ಸೂಜಿ ಚುಚ್ಚಿಸಲೇಬೇಕಾ?

ಪ್ರಶ್ನೆ (ಸೋಮವಾರಪೇಟೆ):
ರೊಬಸ್ಟಾ ಕೊಯ್ಲಿನ ನಡುವೆ ಹೊಟ್ಟೆನೋವು ಬಂತು. ಪಿತ್ತಕೋಶದ ಕಲ್ಲಿರಬಹುದು ಅಂತ ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಕಲ್ಲಿಲ್ಲ. ಆದರೆ ಲಿವರ್‌ನ ಬಲಭಾಗದಲ್ಲಿ 2.8 ಸೆಂ.ಮೀ. ಬೆಳ್ಳಗಿನ ಗಡ್ಡೆ, 'ಹಿಮ್ಯಾಂಜಿಯೋಮಾ ಇರಬಹುದು' ಅಂತ ಬರೆದಿದ್ದಾರೆ. ಏನಿದು ಅಂತ ಕೇಳಿದರೆ ಕವರ್ ಕೈಗಿಟ್ಟು ಕಳಿಸಿದರು. ವಯಸ್ಸು 41. ನಮ್ಮ ಭಾವ 'ಗಡ್ಡೆ ಅಂದಮೇಲೆ ಸೂಜಿ ಚುಚ್ಚಿ ತುಂಡು ತೆಗೆದು ನೋಡಲೇಬೇಕು' ಅಂತ ಹಠ ಹಿಡಿದಿದ್ದಾರೆ. ಎರಡು ರಾತ್ರಿಯಿಂದ ನಿದ್ದೆಯಿಲ್ಲ.

ನಿವೃತ್ತ ಪೆಥಾಲಜಿಸ್ಟ್ (ವಿರಾಜಪೇಟೆ):
ಸೂಜಿಗೆ ಅವಸರ ಬೇಡಮ್ಮ. ಹಿಮ್ಯಾಂಜಿಯೋಮಾ ಅಂದರೆ ರಕ್ತನಾಳಗಳದೇ ಗಂಟು. ಕೊಯ್ದರೆ ಒದ್ದೆ ಸ್ಪಂಜಿನ ಹಾಗಿರುತ್ತದೆ, ರಕ್ತ ಇಳಿದ ಮೇಲೆ ಕುಗ್ಗಿಬಿಡುತ್ತದೆ. ಅದಕ್ಕೆ ಸುಮ್ನೆ ಚುಚ್ಚಿ ರಕ್ತ ಸೋರಿಸಿಕೊಳ್ಳುವುದು ಯಾಕೆ? ಲಿವರ್‌ನ ನಿರುಪದ್ರವಿ ಗಡ್ಡೆಗಳಲ್ಲಿ ಇದೇ ಹೆಚ್ಚು ಸಾಮಾನ್ಯ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಕಾಂಟ್ರಾಸ್ಟ್, ಅಂದರೆ ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಸಿ.ಟಿ. ಅಥವಾ ಎಂ.ಆರ್.ಐ. ಮಾಡಿದರೆ ಮೊದಲು ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಗುತ್ತದೆ, ಆಮೇಲೆ ನಿಧಾನಕ್ಕೆ ಒಳಗೆ ತುಂಬುತ್ತದೆ. ಆ ಚಿತ್ರ ಸಿಕ್ಕರೆ ಸಾಕು.

ಎಫ್.ಎನ್.ಎಚ್. (ಫೋಕಲ್ ನೋಡ್ಯುಲರ್ ಹೈಪರ್‌ಪ್ಲೇಸಿಯಾ) ಅಂತ ಇನ್ನೊಂದಿದೆ, ಲಿವರ್‌ನ ಜೀವಕೋಶಗಳೇ ಹೆಚ್ಚಾಗಿ ಬೆಳೆದು ಆಗುವ ಗಂಟು. ನಮ್ಮ ಕೊಡಗಿನ ಕಿತ್ತಳೆ ಅಡ್ಡ ಕೊಯ್ದರೆ ನಡುವಿನಿಂದ ಬಿಳಿ ಗೆರೆಗಳು ಹರಡಿರುತ್ತವೆ ಅಲ್ವಾ, ಹೆಚ್ಚುಕಡಿಮೆ ಅದೇ ರೂಪ. ಅದೂ ಸಾಧು. ಹುಷಾರಾಗಿರಬೇಕಾದ್ದು ಅಡಿನೋಮಾ ಅನ್ನುವ ಮೂರನೇ ಬಗೆಯ ಗಡ್ಡೆ ವಿಷಯದಲ್ಲಿ. 5 ಸೆಂ.ಮೀ. ದಾಟಿದರೆ ಒಳಗೇ ರಕ್ತಸ್ರಾವ ಆಗುವ ಭಯ ಜಾಸ್ತಿ, ಅಪರೂಪಕ್ಕೆ ಕ್ಯಾನ್ಸರ್‌ಗೂ ತಿರುಗುತ್ತದೆ. ಗರ್ಭನಿರೋಧಕ ಮಾತ್ರೆ ತಗೊಂಡವರಲ್ಲಿ ಇದು ಜಾಸ್ತಿ. ನೀವು ತಗೊಂಡಿದ್ದೀರಾ?

ಪ್ರಶ್ನೆ ಕೇಳಿದವರು:
ಎರಡನೇ ಮಗು ಆದಮೇಲೆ ಆರು ವರ್ಷ ತಗೊಂಡೆ ಸರ್. ಇಲ್ಲಿಯವರೆಗೆ ಯಾರೂ ಕೇಳಲೇ ಇಲ್ಲ!

ನಿವೃತ್ತ ಪೆಥಾಲಜಿಸ್ಟ್:
ಡಾಕ್ಟರ್‌ಗೆ ಮೊದಲು ಅದನ್ನೇ ಹೇಳಿ. ಕೊಬ್ಬು ತುಂಬಿದ ಅಡಿನೋಮಾ ಕೂಡ ಅಲ್ಟ್ರಾಸೌಂಡ್‌ನಲ್ಲಿ ಬೆಳ್ಳಗೇ ಕಾಣುತ್ತದೆ. ನಿಮಗೆ ಎಂ.ಆರ್.ಐ. ಒಳ್ಳೆಯದು ಅಂತ ನನಗನಿಸುತ್ತದೆ.

ಕುಶಾಲನಗರದಿಂದ:
ಅಕ್ಕ, ನನ್ನದೂ ಹಿಮ್ಯಾಂಜಿಯೋಮಾನೇ, 3 ಸೆಂ.ಮೀ. ಸಿ.ಟಿ.ಗೆ ಮೈಸೂರಿಗೆ ಹೋಗಿದ್ದೆ. ಔಷಧ ಕೈಗೆ ಹತ್ತುವಾಗ ಮೈಯೆಲ್ಲ ಬಿಸಿಯಾಗಿ, ಉಚ್ಚೆ ಹೋಗಿಬಿಟ್ಟಿತೇನೋ ಅನಿಸಿತು! ಹೋಗಿರಲಿಲ್ಲ. ಕಿಡ್ನಿ ಸರಿಯಿದೆಯಾ ಅಂತ ನೋಡುವ ಕ್ರಿಯಾಟಿನಿನ್ ರಕ್ತ ಟೆಸ್ಟ್ ಇಲ್ಲೇ ಮಾಡಿಸಿ ರಿಪೋರ್ಟ್ ಹಿಡಿದುಕೊಂಡು ಹೋಗಿ. ಅದಿಲ್ಲ ಅಂತ ನನ್ನನ್ನು ಒಂದು ದಿನ ವಾಪಸ್ ಕಳಿಸಿದ್ದರು.

ಪ್ರಶ್ನೆ ಕೇಳಿದವರು:
ಸೋಮವಾರ ಹೊರಟೆ. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಭಾವನಿಗೇ ಒಪ್ಪಿಸಿದ್ದೇನೆ.