ಅಪ್‌ಡೇಟ್: ಗದ್ದಲಕ್ಕೆ ಹೆದರುವ ಮಗನಿಗೆ ಗೆಳೆಯ ಸಿಕ್ಕಿದ್ದಾನೆ

ಮಳೆಗಾಲದಲ್ಲಿ ಕೇಳಿದ್ದೆ, ನೆನಪಿದೆಯಾ? ಏಳು ವರ್ಷದ ಮಗ ಗದ್ದಲ, ನೂಕಾಟ ಕಂಡರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ, ಜೊತೆಗಾರರೇ ಇಲ್ಲ, ಏನು ಮಾಡಲಿ ಅಂತ.

ನಿಮ್ಮಲ್ಲಿ ಹಲವರು ಹೇಳಿದಂತೆ ಒಂದೇ ಮಗುವಿನಿಂದ ಶುರು ಮಾಡಿದೆವು. ಪಕ್ಕದ ಮನೆಯ ಹುಡುಗ, ಮಾತು ಕಡಿಮೆ. ಇಬ್ಬರನ್ನೂ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ಯುತ್ತೇನೆ. ಸಂಜೆ ಅಲ್ಲ, ಬೆಳಿಗ್ಗೆ. ಸಂಜೆ ಜನ ಜಾಸ್ತಿ. ಅಲೆಯ ಸದ್ದು ಇವನಿಗೆ ಏನೂ ಮಾಡುವುದಿಲ್ಲ, ತಟ್ಟನೆ ಬರುವ ಹಾರ್ನ್, ಪಟಾಕಿಯೇ ಕಷ್ಟ.

ಮಗ ಒದ್ದೆ ಮರಳು ಮುಟ್ಟುವುದಿಲ್ಲ. ಹಾಗಾಗಿ ಗೆಳೆಯ ಹೊಂಡ ತೋಡುತ್ತಾನೆ, ಇವನು ಬಕೆಟ್‌ನಲ್ಲಿ ನೀರು ಹೊತ್ತು ತರುತ್ತಾನೆ. ಭಾರ ಹೊರುವುದು, ಎಳೆಯುವುದು ಸ್ನಾಯು, ಕೀಲುಗಳಿಗೆ ಕೆಲಸ ಕೊಡುತ್ತದೆ, ಕೆಲವು ಮಕ್ಕಳಿಗೆ ಅದರಿಂದ ಸಮಾಧಾನ ಸಿಗುತ್ತದೆ ಎಂದರು ನಮ್ಮ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ, ಆಟ ಸುಲಭವಾಗುವಂತೆ ನೆರವಾಗುವ ಚಿಕಿತ್ಸಕರು). ಈ ವಿಚಾರಕ್ಕೆ ಬುನಾದಿ ಹಾಕಿದ್ದು ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಜೀನ್ ಏರ್ಸ್. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಎಲ್ಲ ಮಕ್ಕಳಿಗೂ ಇದೇ ಮದ್ದಲ್ಲ, ಅದನ್ನೂ ನಮ್ಮ ಥೆರಪಿಸ್ಟೇ ಹೇಳಿದರು.

ಗೆಳೆಯನಿಗೆ ಹೇಳಿಕೊಟ್ಟದ್ದು ಎರಡೇ: ಹಿಂದಿನಿಂದ ಮುಟ್ಟಬೇಡ, ಎದುರು ಬಂದು ಕರೆ. ಇವನು ಕೈ ಎತ್ತಿದರೆ ಸ್ವಲ್ಪ ಹೊತ್ತು ಆಟ ನಿಲ್ಲಿಸು. ಹುಡುಗ ಯಾಕೆ ಏನು ಅಂತ ಕೇಳಲೇ ಇಲ್ಲ. ದೊಡ್ಡವರೇ ಜಾಸ್ತಿ ಪ್ರಶ್ನೆ ಕೇಳುವುದು, ಅಲ್ವಾ?

‘ಪಾರ್ಟಿಗೆ ಎಳೆದುಕೊಂಡು ಹೋಗಿ, ರೂಢಿಯಾಗುತ್ತದೆ’ ಎಂಬ ಸಲಹೆಯೂ ಬಂದಿತ್ತು. ಅದನ್ನು ಸುಮ್ನೆ ಬಿಟ್ಟೆ.

ಶಾಲೆಯಲ್ಲಿ ಊಟದ ಹೊತ್ತು ಇನ್ನೂ ಕಷ್ಟವೇ. ಗಂಟೆ ಹೊಡೆಯುವ ಮೊದಲೇ ಇಬ್ಬರನ್ನೂ ಊಟಕ್ಕೆ ಕೂರಿಸಲು ಟೀಚರ್ ಒಪ್ಪಿದ್ದಾರೆ. ಸೋಮವಾರದಿಂದ ಶುರು.